ಕಾಲು ಎತ್ತದೆ ಬಂದ ಬೀಗರು

ಕನ್ಯೆ ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುವ ಪದ್ಧತಿ ನಮ್ಮ ಕಡೆ ಇನ್ನೂ ಹೋಗಿಲ್ಲ. "ಒಂದೀಟು ನೀರು ತಗೊಂಬಾರವ್ವ" ಎನ್ನುತ್ತಾರೆ. ನೀರು ಯಾರಿಗೂ ಬೇಕಾಗಿರುವುದಿಲ್ಲ, ನಮ್ಮ ಕಾಲು ನೆಟ್ಟಗಿದೆಯೋ ಇಲ್ಲವೋ ನೋಡಬೇಕಾಗಿರುತ್ತದೆ. ನನಗೆ ಮೈ ಉರಿಯುವ ವಿಷಯವಿದು. ಆದ್ದರಿಂದ ಕನಕಗಿರಿಯವರು ನನ್ನನ್ನು ನೋಡಲು ಬರುವ ದಿನ ನಾನು ಬೆಳಿಗ್ಗೆಯೇ ಸಿಟ್ಟಿನಲ್ಲಿ ಸೀರೆ ಉಟ್ಟಿದ್ದೆ.

ಹಿಂದಿನ ಸಂಜೆ ಯಲಬುರ್ಗಾ ಸುತ್ತಮುತ್ತ ಗಾಳಿ-ಮಳೆ ಬಡಿದು ಹೋಗಿತ್ತು. ನಮ್ಮ ಮನೆ ಊರ ಹೊರಗೆ, ಹೊಲಕ್ಕೆ ಅಂಟಿಕೊಂಡಿದೆ. ಅಪ್ಪ ಅಂದಾನಪ್ಪ ಬರುವವರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಅವ್ವ ಒಲೆಯ ಮುಂದೆ ಸಿಹಿಗೆಂದು ಸಜ್ಜಕ ತಿರುವುತ್ತಿದ್ದಳು. ಅಜ್ಜಿ ಹುಲಿಗವ್ವ ಬಕೆಟ್ ಹಿಡಿದು ಎಮ್ಮೆಯನ್ನು ಹುಡುಕುತ್ತ ಹಿತ್ತಲಿಗೆ ಹೊರಟಳು. ಆ ಎಮ್ಮೆಗೆ ಊರವರು ಇಟ್ಟ ಹೆಸರು ಸಾವ್ಕಾರತಿ. ಯಾರು ಕರೆದರೂ ತಿರುಗಿ ನೋಡುವುದಿಲ್ಲ. ಅಜ್ಜಿಯ ದನಿ ಕಿವಿಗೆ ಬಿದ್ದರೆ ಮಾತ್ರ ಬೇಲಿ ಮುರಿದಾದರೂ ಓಡಿ ಬರುತ್ತದೆ.

ನಾನು ಅಜ್ಜಿಯ ಹಿಂದೆಯೇ ಹೋದೆ. ಆ ಗಾಳಿಗೆ ಬೆದರಿ ಸಾವ್ಕಾರತಿ ಹಗ್ಗ ಹರಿದುಕೊಂಡು ಆಚೆ ಬಣವೆಯ ಹತ್ತಿರ ಮೇಯುತ್ತಿತ್ತು. ಅದಕ್ಕೂ ನಮಗೂ ನಡುವೆ ವಾಲಿದ ಕಂಬ, ಅದರಿಂದ ಹರಿದು ಕೆಸರಿಗೆ ಬಿದ್ದ ತಂತಿ. ನೋಡುವಷ್ಟರಲ್ಲಿ ಎರಡು ಮಾರಿನಷ್ಟು ಹತ್ತಿರ ಬಂದುಬಿಟ್ಟಿದ್ದೆವು. ಅಜ್ಜಿಯನ್ನು ಅಲ್ಲೇ ನಿಲ್ಲಿಸಿದೆ.

"ಮನ್ಯಾಗ ನಿನ್ನೆಯಿಂದ ಲೈಟಿಲ್ಲ, ತಂತ್ಯಾಗ ಎಲ್ಲಿಂದ ಬರ್ತೈತಿ" ಎಂದು ಅಜ್ಜಿ ಬಾಯೊಳಗೇ ಗೊಣಗಿದಳು.

"ಅದು ಬೋರಿನ ಲೈನಬೇ, ಮನಿ ಲೈನ್ ಬ್ಯಾರೆ. ಆ ಕಡಿ ಹೊಲದ ಅಂದಪ್ಪನ ಮೋಟರ್ ಕೇಳವಲ್ಲದೇನು?"

ದೂರದಲ್ಲಿ ಮೋಟರು ಗುಂಯ್ ಎನ್ನುತ್ತಿತ್ತು. ಹೋದ ವರ್ಷ ಇದೇ ಅಂದಪ್ಪನ ಜೋಡೆತ್ತು ಹೀಗೇ ಹಸಿ ನೆಲದಲ್ಲಿ ತಂತಿಯ ಹತ್ತಿರ ಹೋಗಿ ಸತ್ತವು. ಆವಾಗ ಲೈನ್‌ಮನ್ ಅಸ್ಲಮ ಊರವರನ್ನೆಲ್ಲ ಕೂಡಿಸಿ ಹೇಳಿದ್ದ: ಕರೆಂಟು ನೆಲದಲ್ಲೂ ಹರಡಿರುತ್ತದೆ, ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ, ಮುಂಗಾಲು ಹಿಂಗಾಲಿನ ನಡುವೆ ಅಷ್ಟು ದೂರವಿರುವ ದನ ಅದಕ್ಕೇ ಮೊದಲು ಸಾಯುತ್ತವೆ. ಎರಡೂ ಪಾದ ಕೂಡಿಸಿ, ನೆಲ ಬಿಡದೆ, ಸವರಿಕೊಂಡು ದೂರ ಬರಬೇಕು. ತಾನೇ ನಡೆದು ತೋರಿಸಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕು ಅದಕ್ಕೆ 'ಅಸ್ಲಮನ ನಡಿಗಿ' ಎಂದು ಹೆಸರಿಟ್ಟಿದ್ದರು.

ಅಲ್ಲಿಂದಲೇ ಅಸ್ಲಮನಿಗೆ ಫೋನ್ ಮಾಡಿದೆ. "ಲೈನ್ ಬಂದ್ ಮಾಡಿಸಿ ಬರ್ತೀನಿ. ನಾ ತಂತಿ ತಗಿಯೂ ತನಕ ಯಾರೂ ಹತ್ರ ಹೋಗಬ್ಯಾಡ್ರಿ. ಎಮ್ಮೀನೂ ಕರೀಬ್ಯಾಡ್ರಿ" ಎಂದ.

"ಕೇಳಿದ್ಯಲ್ಲಬೇ" ಎಂದು ಅಜ್ಜಿಗೆ ಪಿಸುಗುಟ್ಟಿದೆ. "ನಿನ್ನ ದನಿ ಕೇಳಿದ್ರ ಸಾವ್ಕಾರತಿ ಸೀದಾ ತಂತಿ ತುಳ್ಕೊಂತ ಬರ್ತಾಳ. ಉಸುರು ಬಿಡಬ್ಯಾಡ."

ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ಅಜ್ಜಿ ಕಣ್ಣಲ್ಲಿ ನೀರು ತುಂಬಿಕೊಂಡು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇಬ್ಬರೂ ಕೈ ಹಿಡಿಯದೆ, ಪಾದ ಕೂಡಿಸಿ ಹಿಂದಕ್ಕೆ ಸವರಿಕೊಂಡು ಹೊರಟೆವು. ನಮ್ಮ ಎರೆ ಮಣ್ಣು ಹಸಿಯಾದರೆ ಕೇಳಬೇಕೇ, ಪಾದದ ಮುಂದೆ ಮುದ್ದೆ ಮುದ್ದೆಯಾಗಿ ಕೂಡಿತು. ಹೆದರಿಕೆಯಲ್ಲೂ ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ.

ಬೀಗರು ಬಂದದ್ದು ಆವಾಗಲೇ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರೆ ಇವರು ಬಸ್ ಬಿಟ್ಟು ಟಂಟಂ ಆಟೊ ಹಿಡಿದು ಹೊಲದ ದಾರಿಯಿಂದ ಇಳಿದಿದ್ದರು, ಹುಡುಗನ ಅಪ್ಪ ಹುಚ್ಚೀರಪ್ಪ, ಸೋದರತ್ತೆ ಹಂಪವ್ವ, ಹುಡುಗ ದುರಗೇಶ. ಅವರು ಮೊದಲು ನೋಡಿದ್ದು ರೇಷ್ಮೆ ಸೀರೆ ಉಟ್ಟು, ಕಾಲೆಳೆಯುತ್ತ, ಒಬ್ಬಳೇ ನಗುತ್ತಿದ್ದ ನನ್ನನ್ನು.

"ಏನವ್ವ ಯಮ್ಮಾ, ಅಂದಾನಪ್ಪರ ಮನಿ ಇದ ಏನು?" ಎಂದು ಹಂಪವ್ವ ಅಜ್ಜಿಯನ್ನು ಕೇಳಿದಳು. ಅಜ್ಜಿ ಸೆರಗು ಕಚ್ಚಿಕೊಂಡು ಕೈ ಆಡಿಸಿದಳು.

ಹಂಪವ್ವ ಅಣ್ಣನ ಕಿವಿಗೆ ಬಾಗಿದಳು. ಆಕೆಯ ಪಿಸುಮಾತು ಊರಿಗೆಲ್ಲ ಕೇಳುವಂಥದ್ದು. "ಹುಡುಗಿ ಕುಂಟಿ, ಅಜ್ಜಿ ಮೂಕಿ. ಇದನ್ನ ಯಾರೂ ಹೇಳಲಿಲ್ಲಲ್ಲ ಯಣ್ಣಾ."

ಅಜ್ಜಿಯ ಮುಖ ಕೆಂಪಾಯಿತು. ಬಾಯಲ್ಲಿದ್ದ ಸೆರಗು ಅರ್ಧ ಹೊರಗೆ ಬಂತು. ಆಚೆ ಸಾವ್ಕಾರತಿ ಕಿವಿ ನಿಮಿರಿಸಿತು. ನಾನು ಅಜ್ಜಿಗೆ ಕೈ ಮುಗಿದೆ. ಅಜ್ಜಿ ಸೆರಗನ್ನು ಮತ್ತೆ ಒಳಗೆ ತಳ್ಳಿದಳು. ಎಮ್ಮೆಗಾಗಿ ಆಕೆ ಅವತ್ತು ನುಂಗಿಕೊಂಡ ಮಾತಿಗೆ ಲೆಕ್ಕವಿಲ್ಲ.

ಅಷ್ಟರಲ್ಲಿ ಹುಚ್ಚೀರಪ್ಪ ತಂತಿ ನೋಡಿದರು. "ಇಷ್ಟಕ್ಕ ಅಂಜೀರೇನು? ಛತ್ರಿ ಹಿಡಿಕಿ ಕಟ್ಟಿಗೀದು, ಅತ್ತಾಗ ಸರಿಸಿಬಿಡ್ತೀನಿ" ಎಂದು ದಾಪುಗಾಲು ಹಾಕಿದರು. ಹಿಂದೆಯೇ ತಂಗಿ, ಮಗ.

"ನಿಂದರ್ರಿ ಮಾವಾರ" ಎಂದು ಕೂಗಿಬಿಟ್ಟೆ.

ಅವರು ಗಕ್ಕನೆ ನಿಂತರು. ತಂತಿಗೆ ಹೆದರಿ ಅಲ್ಲ, ಆ ಮಾತಿಗೆ. ಇನ್ನೂ ಸಕ್ಕರೆ ಹಂಚಿಲ್ಲ, ಎಲೆ ಅಡಿಕೆ ಇಟ್ಟಿಲ್ಲ, ಹುಡುಗಿ ಆಗಲೇ ಮಾವ ಎಂದಳು. ನನ್ನ ಕಿವಿ ಬಿಸಿಯಾದವು. ಆದರೆ ನಿಂತರಲ್ಲ, ಅದು ಸಾಕಿತ್ತು.

"ತಂತ್ಯಾಗ ಕರೆಂಟ್ ಐತ್ರಿ. ಛತ್ರಿ ಕೆಳಗ ಮಾಡ್ರಿ. ಮೂರೂ ಮಂದಿ ಕಾಲು ಕೂಡಿಸ್ರಿ. ಕಾಲು ಎತ್ತಬ್ಯಾಡ್ರಿ, ನೆಲ ಸವರ್ಕೋತ ಹಿಂದ ಸರೀರಿ."

ಮೂವರೂ ಸರಿದರು. ಹುಚ್ಚೀರಪ್ಪನವರ ಧೋತರದ ಅಂಚು ಕೆಸರಲ್ಲಿ ಎಳೆದಾಡಿತು. ಹಂಪವ್ವ ಹೆಜ್ಜೆಗೊಮ್ಮೆ ಹನುಮಪ್ಪನನ್ನು ನೆನೆದಳು. ದುರಗೇಶ ಮಾತ್ರ ನೆಲ ನೋಡುತ್ತ, ತುಟಿ ಕಚ್ಚಿ, ಪರೀಕ್ಷೆ ಬರೆಯುವವನ ಹಾಗೆ ಸರಿಯುತ್ತಿದ್ದ. ನಾನು ನಗು ತಡೆಯಲಾರದೆ ಬೇವಿನ ಮರಕ್ಕೆ ಆತುಕೊಂಡೆ.

ಅಂದಪ್ಪನ ಮೋಟರು ತಟ್ಟನೆ ನಿಂತಿತು. ಆದರೂ ಯಾರನ್ನೂ ಅಲುಗಾಡಲು ಬಿಡಲಿಲ್ಲ. ಅಸ್ಲಮ ಬೈಕ್ ಮೇಲೆ ಬಂದ, ಪರೀಕ್ಷೆ ಮಾಡಿದ, ಕೈಗವಸು ಹಾಕಿ ತಂತಿ ಸುತ್ತಿ ಕಂಬಕ್ಕೆ ಕಟ್ಟಿದ. "ಇನ್ನ ಭಯ ಇಲ್ರಿ" ಎಂದ.

ಅಜ್ಜಿ ಸೆರಗು ಉಗುಳಿದಳು. "ಯಾರ ಮೂಕಿ? ಯಾರ ಕುಂಟಿ? ನನ್ನ ಮೊಮ್ಮಗಳು ಓಡಿದ್ರ ಬಸ್ಸು ಹಿಂದ ಬೀಳ್ತೈತಿ" ಎಂದು ಶುರು ಮಾಡಿದವಳು ನಿಲ್ಲಲೇ ಇಲ್ಲ. ಆ ದನಿ ಕೇಳಿದ್ದೇ ತಡ, ಸಾವ್ಕಾರತಿ ಬಾಲ ಎತ್ತಿ ಬೀಗರ ನಡುವೆಯೇ ನುಗ್ಗಿ ಬಂತು. ಹುಚ್ಚೀರಪ್ಪ ಒಂದು ಕಡೆ, ಛತ್ರಿ ಇನ್ನೊಂದು ಕಡೆ. ಅಜ್ಜಿ ಎಮ್ಮೆಯ ಕೊರಳು ತಬ್ಬಿ ಬೈಯುತ್ತಲೇ ಅತ್ತಳು. ನನಗೂ ಕಣ್ಣು ತುಂಬಿ ಬಂತು.

ಇಷ್ಟಾದ ಮೇಲೂ ಹಂಪವ್ವ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದ್ದೇನು? "ಒಂದೀಟು ನೀರು ತಗೊಂಬಾರವ್ವ."

"ತರ್ತೀನ್ರಿ" ಎಂದೆ. "ಆದ್ರ ನಡದು ತೋರ್ಸೋದು ನೀವು ಆಗ್ಲೇ ಮುಗಿಸೀರಿ. ಮೂರೂ ಮಂದೀನ ನೋಡೀನಿ, ಯಾರ ಕಾಲೂ ಸೊಟ್ಟಿಲ್ಲ."

ಹುಚ್ಚೀರಪ್ಪ ಕೆಮ್ಮು ಬರುವ ತನಕ ನಕ್ಕರು. ಆಗಲೇ ನಾನು ಗಮನಿಸಿದ್ದು, ದುರಗೇಶ ಕಟ್ಟೆಗೆ ಬಂದೇ ಇರಲಿಲ್ಲ. ಎಮ್ಮೆ ಪಕ್ಕದಲ್ಲೇ ಹಾದು ಹೋದರೂ ಅದೇ ಕೆಸರಲ್ಲಿ ಪಾದ ಕೂಡಿಸಿ ನಿಂತಿದ್ದ.

"ನೀವ್ಯಾಕ್ರಿ ಅಲ್ಲೇ ನಿಂತೀರಿ?"

"ಕಾಲು ಎತ್ತಬ್ಯಾಡ್ರಿ ಅಂದ್ರಿ. ಎತ್ರಿ ಅಂತ ನೀವಿನ್ನೂ ಹೇಳಿಲ್ಲ."

ಚೇಷ್ಟೆ ಮಾಡುತ್ತಿದ್ದಾನೋ ಎಂದು ಮುಖ ನೋಡಿದೆ. ಇಲ್ಲ. ನನ್ನ ಮಾತನ್ನು ನಂಬಿ ನಿಂತಿದ್ದ, ಅಷ್ಟೇ. ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಎತ್ರಿ" ಎಂದೆ.

ಎತ್ತಿದ. ಕಾಲು ಬಂತು, ಚಪ್ಪಲಿ ಕೆಸರಲ್ಲೇ ಉಳಿಯಿತು. ಮೊಣಕಾಲ ತನಕ ಎರೆ ಮಣ್ಣು. ನಾನು ನೀರು ತರಲು ಒಳಗೆ ಓಡಿದೆ, ಈ ಸಲ ಅದು ನಿಜವಾಗಿಯೂ ಬೇಕಾಗಿತ್ತು.