ಹಾಲಿಲ್ಲದ ಬ್ರೆಡ್ಡು

ನಮ್ಮತ್ತೆ ನನ್ನನ್ನು ಕರೆಯುವುದು ‘ಡಾಕ್ಟರಮ್ಮ’ ಎಂದು. ಅರ್ಧಕ್ಕೇ ಶಾಲೆ ಬಿಟ್ಟವಳನ್ನು ಹಾಗೆ ಕರೆದರೆ ನಮ್ಮ ಬೇಕರಿಗೆ ಬರುವ ಗಿರಾಕಿಗಳೂ ನಗುತ್ತಾರೆ. ಮಗುವಿಗೆ ಹಸುವಿನ ಹಾಲು ಆಗುವುದಿಲ್ಲ, ಮೈಮೇಲೆ ಗಂದೆ ಏಳುವುದು ಅದಕ್ಕೇ, ತಾಯಿ ಹಾಲು ಬೆಣ್ಣೆ ತಿಂದರೂ ಎದೆಹಾಲಿನಲ್ಲಿ ಇಳಿದು ಮಗುವಿಗೆ ತಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಮನೆಗೆ ಬಂದು ಹೇಳಿದೆ, ಅಷ್ಟೇ. ಅವತ್ತಿನಿಂದ ಆ ಹೆಸರು ಅಂಟಿಕೊಂಡಿತು.

“ಈ ಮನೆ ಬೆಳೆದಿದ್ದೇ ಹಾಲು ಬೆಣ್ಣೇಲಿ. ನಿನ್ನ ಮಗ ಏನು ಆಕಾಶದಿಂದ ಉದುರಿದನಾ?” ಎಂದರು ಅತ್ತೆ.

ನನಗೆ ಎದುರು ಮಾತು ಬಾಯಿಗೆ ಬರುವಷ್ಟರಲ್ಲಿ ಎದುರಿದ್ದವರು ಎದ್ದು ಹೋಗಿರುತ್ತಾರೆ.

ಅತ್ತೆಯೇ ಒಂದು ಪರೀಕ್ಷೆ ಇಟ್ಟರು. “ನಿನಗೆ ಅಂತ ಬೇರೆ ಬ್ರೆಡ್ ಮಾಡಿಕೊಡ್ತೀನಿ. ಹಿಟ್ಟು, ನೀರು, ಉಪ್ಪು, ಈಸ್ಟು. ಭಾನುವಾರದ ತನಕ ಅದನ್ನೇ ತಿನ್ನು. ಆಗಲೂ ಮಗುಗೆ ಗಂದೆ ಎದ್ದರೆ ಅದು ಹಾಲಿನ ತಪ್ಪಲ್ಲ ಅಂತಾಯ್ತು. ಸೋಮವಾರದಿಂದ ಅವನಿಗೆ ಬಾಟಲಿ ಹಾಲು. ಸರಿಯಾ?”

ನನ್ನ ಗಂಡ ಹಿಟ್ಟು ತೂಗುತ್ತಿದ್ದವರು ತಲೆ ಎತ್ತದೆ “ಸರಿ” ಎಂದರು. ನನ್ನನ್ನು ಕೇಳಿದ ಪ್ರಶ್ನೆಗೆ ಅವರ ಉತ್ತರ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಕೇಳಿದ್ದೆ. ಇವರು ಸ್ವಂತ ಮೊಮ್ಮಗನನ್ನೇ ಅಂಚಿಗೆ ತಂದು ನಿಲ್ಲಿಸಿದ್ದರು. ಅತ್ತೆ ಹಿಟ್ಟು ಕಲಸುವಾಗ ಬಾಗಿಲಲ್ಲಿ ನಿಂತು ನೋಡಿದೆ. ಹೇಳಿದ ನಾಲ್ಕು ಬಿಟ್ಟು ಇನ್ನೇನೂ ಹಾಕಲಿಲ್ಲ. ಒಳಗೆ ಮಗು ಅತ್ತಿತು, ನಾನು ಹೋದೆ.

ಆ ಬ್ರೆಡ್ಡು ಚೆನ್ನಾಗಿತ್ತು. ಹಸಿದಿದ್ದೆ, ಹೊಟ್ಟೆ ತುಂಬ ತಿಂದೆ.

ಭಾನುವಾರ ಮಗುವಿನ ಕೆನ್ನೆ, ಕತ್ತು ಎಲ್ಲ ಕೆಂಪು ಗಂದೆ. ಬಟ್ಟೆ ಬದಲಿಸುವಾಗ ಕಕ್ಕದಲ್ಲಿ ರಕ್ತದ ಎಳೆ ಕಂಡಿತು. ಅತ್ತೆಗೆ ತೋರಿಸಿದೆ. ಅವರು ಬಟ್ಟೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಅತ್ತಿಗೆ ಕದ್ದು ಕುಡೀತಿದ್ದಾಳೆ ಅಮ್ಮ,” ಎಂದಳು ನಾದಿನಿ. “ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ.”

“ಕುಡೀಲಿಲ್ಲ.”

“ಹಾಗಾದ್ರೆ ಹಾಲಲ್ಲ!” ಅತ್ತೆ ಚಪ್ಪಾಳೆ ತಟ್ಟಿದರು. “ಕುಡಿದಿದ್ರೆ ಕಳ್ಳಿ, ಕುಡೀದಿದ್ರೆ ಸುಳ್ಳಿ. ಯಾವುದು ಬೇಕೋ ಆರಿಸ್ಕೋ, ಡಾಕ್ಟರಮ್ಮ.”

ಸೋಮವಾರ ಬೆಳಿಗ್ಗೆ ಬಾಟಲಿ ತುಂಬಿ ತಣ್ಣೀರಿನ ಪಾತ್ರೆಯಲ್ಲಿ ಆರಲು ಇಟ್ಟಿದ್ದರು. ಅದು ಆರುವಷ್ಟರಲ್ಲಿ ಅತ್ತೆ ತಮ್ಮ ಕೆಲಸ ಶುರು ಮಾಡಿದರು. ಬ್ರೆಡ್ಡಿನ ಅಚ್ಚುಗಳನ್ನು ಸಾಲಾಗಿ ಜೋಡಿಸಿ, ಕರಗಿದ ಬೆಣ್ಣೆಯಲ್ಲಿ ಬ್ರಶ್ ಅದ್ದಿ, ಒಂದೊಂದರ ಒಳಗೂ ಬಳಿಯುತ್ತ ಹೋದರು. ಮಾತಾಡುತ್ತಲೇ, ನೋಡದೆಯೇ. ಸಾಲಿನ ಕೊನೆಗೆ, ವಾರದ ರೂಢಿಯಲ್ಲಿ, ನನ್ನ ಬ್ರೆಡ್ಡಿನ ಪುಟ್ಟ ಅಚ್ಚು. ಕೈ ನಿಲ್ಲಲಿಲ್ಲ. ಅದಕ್ಕೂ ಬಳಿಯಿತು.

“ಅತ್ತೆ, ಅದಕ್ಕೂ ಬೆಣ್ಣೆನಾ?”

“ಮತ್ತೆ? ಒಣ ಅಚ್ಚು ಒಲೆಗೆ ಇಡ್ತಾರಾ ಯಾರಾದ್ರೂ?”

“ದಿನಾ ಹಚ್ತಿದ್ರಾ?”

“ಅಚ್ಚಿಗೆ ಹಚ್ಚಿದ್ದು ಅಚ್ಚಿಗೆ. ಬ್ರೆಡ್ಡಿಗೆ ಹಾಕಿದ್ದು ನಾಲ್ಕೇ. ನೀನೇ ಕಣ್ಣಾರೆ ನೋಡಿದ್ದೀಯ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನ ಮೈ ಉರಿಸಿದ್ದು. ಬೇಕರಿಯವರ ಲೆಕ್ಕದಲ್ಲಿ ಅಚ್ಚಿನ ಬೆಣ್ಣೆ ಎಂದರೆ ಒಲೆಯ ಸೌದೆ ಇದ್ದ ಹಾಗೆ, ತಿನ್ನುವ ವಸ್ತುವೇ ಅಲ್ಲ. ಗಂಡನ ಕಡೆ ತಿರುಗಿದೆ. ಅವರಿಗೆ ಅರ್ಥವಾಗಿತ್ತು, ಕಿವಿ ಕೆಂಪಾಗಿತ್ತು. ಆದರೂ ಹಿಟ್ಟನ್ನು ನಾದುತ್ತಲೇ ಇದ್ದರು.

“ಎಣ್ಣೆ ಹಚ್ಚಬಹುದಿತ್ತು,” ಎಂದೆ.

“ಎಣ್ಣೆ ಹಚ್ಚೋ ಬೇಕರಿಗಳು ಬೇಕಾದಷ್ಟಿವೆ. ಅಲ್ಲಿಗೇ ಸೊಸೆಯಾಗಿ ಹೋಗಬೇಕಿತ್ತು.” ಅತ್ತೆ ಬಾಟಲಿ ತೆಗೆದು ಮುಂಗೈ ಮೇಲೆ ಎರಡು ಹನಿ ಬಿಟ್ಟುಕೊಂಡರು. “ಆರಿದೆ. ಮಗು ಕೊಡು.”

ಮಗುವನ್ನು ಒಂದು ಕೈಯಲ್ಲಿ ಅವಚಿಕೊಂಡು ಇನ್ನೊಂದು ಕೈ ಚಾಚಿದೆ. ಮಗು ಕೊಡುತ್ತೇನೆ ಎಂದುಕೊಂಡರೇನೋ, ಬಾಟಲಿಯ ಮೇಲಿನ ಹಿಡಿತ ಸಡಿಲಿಸಿದರು. ಬಾಟಲಿ ಕಿತ್ತುಕೊಂಡು, ಹಲ್ಲಿನಿಂದ ಮುಚ್ಚಳ ತಿರುಗಿಸಿ, ಅಷ್ಟೂ ಹಾಲನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದೆ.

“ಅಯ್ಯೋ, ಕೊಬ್ಬು ನೋಡಮ್ಮ ಇವಳಿಗೆ!” ಎಂದಳು ನಾದಿನಿ.

“ಅಮ್ಮನ ಎದುರಿಗೇನೇ?” ಎಂದರು ಗಂಡ. ಆ ವಾರದಲ್ಲಿ ಅವರು ನನಗೆ ಹೇಳಿದ ಮೊದಲ ಮಾತು.

“ನಿಮ್ಮ ಎದುರಿಗೂ ಹೌದು,” ಎಂದೆ. “ಇನ್ನೊಂದು ತುಂಬಿಸಿ, ಅದನ್ನೂ ಚೆಲ್ತೀನಿ.”

ಯಾರೂ ತುಂಬಿಸಲಿಲ್ಲ. ಹಾಲು ತಾಗಿದ ಬಾಯಿ ತೊಳೆದುಕೊಂಡು ಮಗುವನ್ನು ಬೆನ್ನಿಗೆ ಕಟ್ಟಿಕೊಂಡೆ, ಪುಟ್ಟ ಅಚ್ಚನ್ನು ಬಿಸಿನೀರು, ಸೋಪು ಹಾಕಿ ಬೆರಳು ನೋಯುವಷ್ಟು ಉಜ್ಜಿದೆ. ಒರೆಸಿ, ಎಣ್ಣೆ ಸುರಿದು, ಬೆರಳಿನಿಂದಲೇ ಬಳಿಯತೊಡಗಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಿಂತಿದ್ದರು. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

“ಮೂಲೆ ಬಿಟ್ಟೆ,” ಎಂದರು. “ಬ್ರೆಡ್ಡು ಹಿಡ್ಕೊಂಡ್ರೆ ನಾನಂತೂ ಬಿಡಿಸಿಕೊಡಲ್ಲ.”

ಮೂಲೆಗೆ ಎಣ್ಣೆ ಹಚ್ಚಿದೆ.