ನಾಯಿಗೆ ದಾರಿ ತಪ್ಪಿಸಲು ಹೋದದ್ದು

ಮೂರನೆಯ ಸಲವೂ ಅದೇ ಬಂಡೆಯ ಮುಂದೆ ಬಂದು ನಿಂತಾಗ, ದಾರಿ ತಪ್ಪಬೇಕಾದದ್ದು ನಾಯಿಗೆ, ತನಗಲ್ಲ ಎಂದು ತ್ರಿಶಲಾ ಟೀಚರಿಗೆ ನೆನಪಾಗಿ ನಗು ಬಂತು. ನಗು ಇದ್ದದ್ದು ಒಂದು ಗಳಿಗೆ. ಆಮೇಲೆ ಹೆದರಿಕೆಯಾಯಿತು. ಮಂಜಲ್‌ಪಾದೆ ಗುಡ್ಡದ ನೆತ್ತಿಯಲ್ಲಿ ಹತ್ತು ಮಾರು ಆಚೆಯ ಹುಲ್ಲೂ ಕಾಣದಷ್ಟು ಮಂಜು. ಗಂಟೆ ಒಂದಾಗಿತ್ತು, ಬಿಸಿಲಿನ ಸುಳಿವಿರಲಿಲ್ಲ. ಕರಾವಳಿಯವರಿಗೆ ಚಳಿ ಎಂದರೆ ಬೆಳಗಿನ ಜಾವ ಫ್ಯಾನ್ ಆರಿಸುವಷ್ಟು. ಇಲ್ಲಿ ಡಿಸೆಂಬರಿನ ಗಾಳಿ ಸ್ವೆಟರನ್ನು ಲೆಕ್ಕಕ್ಕೇ ಇಡದೆ ಎಲುಬಿಗೆ ತಾಗುತ್ತಿತ್ತು. ಫೋನಿನಲ್ಲಿ ನೆಟ್‌ವರ್ಕ್ ಸತ್ತು ಎರಡು ಗಂಟೆಯಾಗಿತ್ತು.

"ಈಗ ಎಲ್ಲಿಗೆ ಮಾರಾಯಾ?" ಎಂದು ಅವಳು ನಾಯಿಯನ್ನೇ ಕೇಳಿದಳು.

ನಾಯಿಗೆ ಬೇರೆ ಹೆಸರಿರಲಿಲ್ಲ. ಅಂಗಡಿಯ ಅಬೂಬಕ್ಕರ್ ಅದನ್ನು ಕರೆಯುವಾಗಲೂ ಬೈಯುವಾಗಲೂ ಮಾರಾಯಾ ಎನ್ನುತ್ತಿದ್ದರು, ಅದೇ ಉಳಿದುಬಿಟ್ಟಿತ್ತು. ಕಂದು ಮೈ, ಒಂದು ಕಿವಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಹೇಳಿದ್ದನ್ನೆಲ್ಲ ಅರ್ಧ ಮಾತ್ರ ನಂಬುವ ಮುಖ.

ಮುಂಡಾಜೆಯಿಂದ ಚಾರ್ಮಾಡಿಯ ಕಡೆಗೆ ಮೂರು ಕಿಲೋಮೀಟರ್ ಹೋದರೆ, ಗುಡ್ಡ ಹತ್ತುವ ಕಾಲುದಾರಿ ಶುರುವಾಗುವಲ್ಲಿ ಅಬೂಬಕ್ಕರರ ಗೂಡಂಗಡಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ತ್ರಿಶಲಾ ಚಳಿಗಾಲದ ಭಾನುವಾರಗಳಲ್ಲಿ ಅಲ್ಲಿ ಒಂದು ಲಿಂಬೆ ಸೋಡಾ ಕುಡಿದು ಗುಡ್ಡ ಹತ್ತುವುದು, ನೆತ್ತಿಯುದ್ದದ ಬೆನ್ನೇಣಿನ ಮೇಲೆ ನಡೆದು ಮತ್ತೆ ಅಲ್ಲಿಗೇ ಇಳಿಯುವುದು, ಆರು ವರ್ಷಗಳಿಂದ ನಡೆದುಬಂದದ್ದು. ಕರೆಯದಿದ್ದರೂ ನಾಯಿ ಜೊತೆಗೆ ಬರುತ್ತಿತ್ತು. "ಅದು ನಿಮ್ಮೊಟ್ಟಿಗೆ ಹೋಗುವ ನಾಯಿ, ನನ್ನೊಟ್ಟಿಗೆ ಇರುವ ನಾಯಿ" ಎಂದು ಅಬೂಬಕ್ಕರ್ ಪಾಲು ಮಾಡಿ ಕೊಟ್ಟಿದ್ದರು.

ಈಗ ಆ ಪಾಲು ಕೆಟ್ಟುಹೋಗಿತ್ತು. ರಸ್ತೆ ಅಗಲವಾಗುತ್ತಿತ್ತು, ಗೂಡಂಗಡಿ ಕೀಳಲು ನಾಳೆ ಸೋಮವಾರ ಯಂತ್ರ ಬರುವುದಿತ್ತು. ಅಬೂಬಕ್ಕರ್ ಕೊಕ್ಕಡದಲ್ಲಿರುವ ಮಗಳು ಜಸ್ನಾಳ ಮನೆಗೆ ಹೊರಟಿದ್ದರು. ನಾಯಿಯನ್ನು ಮನೆಯೊಳಗೆ ಸೇರಿಸುವ ಕ್ರಮ ಅವರಲ್ಲಿಲ್ಲ, ಜಸ್ನಾಳ ಬಾಡಿಗೆ ಮನೆಗೆ ಅಂಗಳವೂ ಇಲ್ಲ. ನಾಯಿಯನ್ನು ತಾನು ಸಾಕುತ್ತೇನೆ ಎಂದು ತ್ರಿಶಲಾ ಮಾತು ಕೊಟ್ಟದ್ದು ಸುಲಭದಲ್ಲಿ. ಎರಡು ಸಲ ಆಟೋದಲ್ಲಿ ಕೂರಿಸಿಕೊಂಡು ಮುಂಡಾಜೆಯ ಮನೆಗೆ ತಂದದ್ದೂ ಆಯಿತು. ಎರಡು ಸಲವೂ ಬೆಳಗಾಗುವಷ್ಟರಲ್ಲಿ ಅದು ಅಂಗಡಿಯ ಬೆಂಚಿನಡಿ ಮಲಗಿತ್ತು. ಎರಡನೆಯ ಸಲ ಹಿಂಗಾಲಿನ ಚರ್ಮ ಕಿತ್ತುಹೋಗಿತ್ತು. ಯಾವುದೋ ಗಾಡಿ ತಾಗಿತ್ತು.

"ಮೂರನೇ ಸಲಕ್ಕೆ ಲಾರಿಯ ಅಡಿಗೇ ಹೋಗ್ತದೆ ಟೀಚರ್," ಅಬೂಬಕ್ಕರ್ ಹೇಳಿದ್ದರು. "ಆಟೋದಲ್ಲಿ ಕೂತ್ರೆ ಅದು ದಾರಿ ನೋಡಿಕೊಳ್ತದೆ. ಬೆಕ್ಕನ್ನು ಬಿಡ್ಲಿಕ್ಕೆ ಹೋಗುವಾಗ ಗೋಣಿಯಲ್ಲಿ ಹಾಕಿ ಮೂರು ಸುತ್ತು ತಿರುಗಿಸುವುದಿಲ್ಲವಾ? ಇದನ್ನು ಗೋಣಿಗೆ ಹಾಕ್ಲಿಕ್ಕೆ ಆಗುವುದಿಲ್ಲ. ನೀವು ಗುಡ್ಡವೇ ಸುತ್ತು ಹಾಕಿಸಿ. ಮೇಲೆ ಹೋಗಿ, ಇಲ್ಲಿಗೆ ಇಳಿಯದೆ ಆಚೆ ಬದಿಯಿಂದ ನಿಮ್ಮ ಮನೆಗೇ ಇಳಿಸಿ. ಅದಕ್ಕೆ ತಲೆ ತಿರುಗಿ ಹೋಗ್ಬೇಕು."

ಎಂಟನೆಯ ತರಗತಿಗೆ ನಕ್ಷೆಯ ಪಾಠ ಮಾಡುವವಳಿಗೆ ಇದು ಹುಚ್ಚು ಎಂದು ಗೊತ್ತಿರಲಿಲ್ಲವೆಂದಲ್ಲ. ಬೇರೆ ಉಪಾಯ ಹೊಳೆಯಲಿಲ್ಲ, ಅಷ್ಟೆ. ಉಜಿರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅವಳ ಗಂಡ ಶಶಿರಾಜನ ಚಿಂತೆ ಇನ್ನೊಂದು. "ತರುವ, ಅದಕ್ಕೇನು. ಆದ್ರೆ ಬೂತಾಯಿ ಮೀನಿನ ತಲೆ ತಿಂದು ಬೆಳೆದದ್ದು ಅದು. ನಮ್ಮ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಬಂದು ಉಪದೇಶ ಮಾಡಿದ್ರೂ ಮೊಸರನ್ನ ತಿಂತದಾ?"

ಹೀಗೆ ಬೆಳಿಗ್ಗೆ ಏಳಕ್ಕೆ ಹೊರಟದ್ದು. ಹನ್ನೊಂದಕ್ಕೆ ನೆತ್ತಿ ಮುಟ್ಟಿದರು. ಬೆನ್ನೇಣಿನ ಕವಲಿನಲ್ಲಿ ಎಡಕ್ಕಿಳಿದರೆ ಅಂಗಡಿ, ಬಲಕ್ಕಿಳಿದರೆ ಅವಳ ಮನೆಯ ಹಿಂದಿನ ರಬ್ಬರ್ ತೋಟ. ಕವಲಿಗೆ ಇನ್ನೇನು ಅರ್ಧ ಗಂಟೆ ಎನ್ನುವಾಗ ಘಾಟಿಯ ಕಡೆಯಿಂದ ಮಂಜು ಎದ್ದು ಬಂದು ಎಲ್ಲವನ್ನೂ ನುಂಗಿತು. ಆಗಿನಿಂದ ಅವಳು ನಡೆಯುತ್ತಲೇ ಇದ್ದಳು. ಎಡ ಯಾವುದು, ಬಲ ಯಾವುದು ಎಂಬುದು ತಾನು ಯಾವ ಕಡೆಗೆ ಮುಖ ಮಾಡಿದ್ದೇನೆ ಎಂದು ತಿಳಿದಿದ್ದರೆ ತಾನೆ? ನಾಯಿ ಎರಡು ಸುತ್ತಿನವರೆಗೆ ಮರ್ಯಾದೆಗೆ ಹಿಂದೆ ಹಿಂದೆ ಬಂತು. ಮೂರನೆಯದಕ್ಕೆ ಬಂಡೆಯ ಮುಂದೆ ಕೂತು, ಗಾಯದ ಕಾಲು ನೆಕ್ಕಿ, ಆಕಳಿಸಿತು. ಆಮೇಲೆ ಎದ್ದು, ಅವಳು ಒಮ್ಮೆಯೂ ಹೋಗದಿದ್ದ ದಿಕ್ಕಿಗೆ ಹೊರಟಿತು.

ಅದು ಹೊರಟದ್ದು ಎಲ್ಲಿಗೆಂದು ಕೇಳಬೇಕಾಗಿರಲಿಲ್ಲ. ಚೀಲದಲ್ಲಿ ಹಗ್ಗವಿತ್ತು. ತ್ರಿಶಲಾ ಅದನ್ನು ಹೊರಗೆ ತೆಗೆದಳು. ಕಟ್ಟಿ ಎಳೆದುಕೊಂಡು ಹೋಗುವುದಾದರೂ ಯಾವ ಕಡೆಗೆ? ನಾಯಿಯ ಹಿಂದೆ ಹೋದರೆ ತಾನು ಬದುಕಿಕೊಳ್ಳುತ್ತೇನೆ, ಅದು ರಸ್ತೆಗೆ ಸೇರುತ್ತದೆ. ಹೋಗದಿದ್ದರೆ ಇಬ್ಬರೂ ಇಲ್ಲೇ. ಕೈಯ ಬೆರಳುಗಳು ಮರಗಟ್ಟಿದ್ದವು. ನಾಯಿ ಮಂಜಿನಲ್ಲಿ ಅರ್ಧ ಮರೆಯಾಗಿ ನಿಂತು, ಬರುವುದಿದ್ದರೆ ಬಾ ಎಂಬಂತೆ ತಿರುಗಿ ನೋಡಿತು. ಅವಳಿಗೆ ನಾಚಿಕೆಯಾಯಿತು. ಹಗ್ಗವನ್ನು ಚೀಲಕ್ಕೆ ತುರುಕಿ ಹಿಂದೆಯೇ ಹೆಜ್ಜೆ ಹಾಕಿದಳು.

ಇಳಿಯುವ ದಾರಿಯುದ್ದಕ್ಕೂ ಅದು ಅವಳಿಗಾಗಿ ನಿಂತು ನಿಂತು ಹೋಯಿತು. ಮಂಜು ಹರಿದು, ತಿರುವಿನಲ್ಲಿ ಲಾರಿಗಳ ಹಾರ್ನ್ ಕೇಳಿಸಿದಾಗ ಅವಳಿಗೆ ಜೀವ ಬಂದಂತಾಯಿತು. ಅದರ ಹಿಂದೆಯೇ ಅಳುವೂ ಬಂತು. ಅಂಗಡಿಯ ಸಾಮಾನು ಹೇರಿದ ಟೆಂಪೋ ಹನ್ನೆರಡಕ್ಕೆ ಹೊರಡುವುದೆಂದು ಮಾತಾಗಿತ್ತು. ಈಗ ನಾಲ್ಕು. ಖಾಲಿ ಅಂಗಡಿಯ ಮುಂದೆ ಈ ನಾಯಿಗೆ ಏನೆಂದು ಹೇಳುವುದು?

ಅಂಗಡಿ ಖಾಲಿಯಾಗಿಯೇ ಇತ್ತು. ಹಲಗೆಗಳೂ ಹೋಗಿದ್ದವು, ಬೆಂಚೂ ಹೋಗಿತ್ತು. ಸೋಡಾ ಬಾಟಲಿಯ ಒಂದು ಹಳೆಯ ಪೆಟ್ಟಿಗೆಯನ್ನು ಕವುಚಿ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಅಬೂಬಕ್ಕರ್ ಅದರ ಮೇಲೆ ಕೂತಿದ್ದರು. ನಾಯಿ ನೆಟ್ಟಗೆ ಹೋಗಿ, ಬೆಂಚಿದ್ದ ಜಾಗದ ಬರೀ ನೆಲದಲ್ಲಿ ಸುರುಳಿ ಸುತ್ತಿ ಮಲಗಿತು.

"ತಕ್ಕಡಿ ಮರೆತುಹೋಗಿತ್ತು, ಅದಕ್ಕೆ ನಿಂತೆ," ಎಂದರು ಅವರು, ಯಾರೂ ಕೇಳದಿದ್ದರೂ. ಸುತ್ತಮುತ್ತ ಯಾವ ತಕ್ಕಡಿಯೂ ಕಾಣಲಿಲ್ಲ.

ತ್ರಿಶಲಾಳಿಗೆ ಸಿಟ್ಟು ನೆತ್ತಿಗೇರಿತು. ಇಡೀ ದಿನದ ಚಳಿ, ಹೆದರಿಕೆ, ಹಸಿವೆ ಎಲ್ಲ ಒಟ್ಟಿಗೆ ಬಂತು. "ನೀವೇ ಹೇಳಿದ್ದು ದಾರಿ ತಪ್ಪಿಸಿ ಅಂತ! ಈಗ ನೀವೇ ಇಲ್ಲಿ ಕೂತಿದ್ದೀರಿ! ಮತ್ತೆ ಅದು ಇಲ್ಲಿಗೆ ಯಾಕೆ ಬರುವುದಿಲ್ಲ?"

"ನಾನು ಇಲ್ಲದಿದ್ರೂ ಬರ್ತಿತ್ತು ಟೀಚರ್," ಅಬೂಬಕ್ಕರ್ ಮೆಲ್ಲಗೆ ಹೇಳಿದರು. "ಬಂದು, ಯಾರೂ ಇಲ್ಲ ಅಂತಾದ್ರೆ ರಸ್ತೆಯಲ್ಲಿ ಹುಡುಕ್ಲಿಕ್ಕೆ ಇಳೀತಿತ್ತು. ಅದಕ್ಕೇ ಕೂತದ್ದು."

ಅವಳ ಸಿಟ್ಟು ಎಲ್ಲಿ ಇಳಿಯಬೇಕೆಂದು ತಿಳಿಯದೆ ಹಾಗೇ ನಿಂತಿತು. ಅಬೂಬಕ್ಕರ್ ಮೊಣಕಾಲು ಹಿಡಿದುಕೊಂಡು ಎದ್ದರು. "ನಡೀರಿ, ನಿಮ್ಮ ಮನೆಗೆ ಹೋಗುವ."

"ನೀವಾ?"

"ನಾನು ಬಂದ್ರೆ ಅದೂ ಬರ್ತದೆ. ಮೊದಲೇ ಇದನ್ನು ಮಾಡ್ಬಹುದಿತ್ತು. ನನಗೆ ಧೈರ್ಯ ಬರ್ಲಿಲ್ಲ."

ರಸ್ತೆಯ ಬದಿಯಲ್ಲಿ ಮೂವರೂ ಸಾಲಾಗಿ ನಡೆದರು. ಅಬೂಬಕ್ಕರ್ ನಾಯಿಯನ್ನು ಒಮ್ಮೆಯೂ ಕರೆಯಲಿಲ್ಲ, ತಿರುಗಿ ನೋಡಲೂ ಇಲ್ಲ. ಲಾರಿ ಬಂದಾಗ ಮಾತ್ರ ಅವರ ಕೈ ತಾನಾಗಿ ಹಿಂದಕ್ಕೆ ಚಾಚಿ, ನಾಯಿಯನ್ನು ಮುಟ್ಟದೆ, ಅದಕ್ಕೂ ರಸ್ತೆಗೂ ನಡುವೆ ಅಡ್ಡ ನಿಲ್ಲುತ್ತಿತ್ತು. ಈ ನಾಯಿಯನ್ನು ತಾನು ಪಡೆಯುತ್ತಿದ್ದೇನೋ, ಕಿತ್ತುಕೊಳ್ಳುತ್ತಿದ್ದೇನೋ ಎಂದು ತ್ರಿಶಲಾಳಿಗೆ ಗೊಂದಲವಾಯಿತು.

ಹೊತ್ತು ಕಂತುವ ಮೊದಲೇ ಊಟ ಮುಗಿಸುವ ಮನೆ ಅದು. ಅವರು ಮುಟ್ಟುವಾಗ ಶಶಿರಾಜ್ ಅನ್ನ ಇಳಿಸಿ, ಹೆಂಡತಿ ಇನ್ನೂ ಬರಲಿಲ್ಲವೆಂದು ಅಂಗಳಕ್ಕೂ ಅಡುಗೆಮನೆಗೂ ಓಡಾಡುತ್ತಿದ್ದ. ಮೆಟ್ಟಿಲಿನಲ್ಲಿ ಅಬೂಬಕ್ಕರ್ ನೀಲಿ ಹವಾಯಿ ಚಪ್ಪಲಿ ಕಳಚಿ ಒಳಗೆ ಬಂದರು. ನಾಯಿ ಚಪ್ಪಲಿಯನ್ನು ಮೂಸಿ, ಒಂದರ ಮೇಲೆ ಗದ್ದವಿಟ್ಟು ಅಡ್ಡಾಯಿತು. ಕಿಟಕಿಯಿಂದ ನೋಡಿದ ಶಶಿರಾಜ್, "ಹೋ, ಸುಲಭದಲ್ಲಿ ಆಯ್ತಲ್ಲ!" ಎಂದ.

ಮೂವರೂ ಉಂಡರು. ಕುಚಲಕ್ಕಿ ಅನ್ನ, ಅಲಸಂಡೆಯ ಪಲ್ಯ, ಸಾರು. ಅಬೂಬಕ್ಕರ್ ಎರಡು ಸಲ ಬಡಿಸಿಕೊಂಡರು. ಕೈ ತೊಳೆದು ಗಡಿಯಾರ ನೋಡಿದರು. ಕೊಕ್ಕಡದ ಬಸ್ಸಿಗೆ ಕಾಲು ಗಂಟೆ ಇತ್ತು.

"ಹಿಂದೆ ಬಾಗಿಲು ಉಂಟಲ್ಲ?"

"ಉಂಟು. ನಿಲ್ಲಿ, ನಿಮ್ಮ ಚಪ್ಪಲಿ ತರ್ತೇನೆ," ಎಂದು ಶಶಿರಾಜ್ ಎದ್ದ. ಅಬೂಬಕ್ಕರ್ ಅವನ ಮಣಿಕಟ್ಟು ಹಿಡಿದರು.

"ಬೇಡ. ಅದು ಅಲ್ಲೇ ಇರಲಿ. ನಾನು ಮಸೀದಿಗೆ ಹೋದ್ರೆ ಇದು ಹೊರಗೆ ನನ್ನ ಚಪ್ಪಲಿಯ ಹತ್ರ ಕೂತುಕೊಳ್ಳುವುದು. ಅಷ್ಟು ಚಪ್ಪಲಿಗಳ ಮಧ್ಯೆ ನನ್ನದು ಯಾವುದು ಅಂತ ಅದಕ್ಕೆ ಗೊತ್ತುಂಟು. ಚಪ್ಪಲಿ ಹೊರಗಿದ್ರೆ ಆಸಾಮಿ ಒಳಗೆ, ಅಷ್ಟೇ ಅದರ ಲೆಕ್ಕ. ರಸ್ತೆಗೆ ಹೋಗ್ಲಿಕ್ಕಿಲ್ಲ."

ಸಕ್ಕರೆ ಡಬ್ಬಿಗೆ ಇರುವೆ ಬಂದರೆ ಕಾಗದದ ಮೇಲೆ ಹತ್ತಿಸಿ ತೋಟಕ್ಕೆ ಬಿಡುವ ಮನೆ ಅದು. ಮೋಸವೂ ಹಿಂಸೆಯೇ ಎಂದು ಅತ್ತೆ ಹೇಳಿಕೊಟ್ಟಿದ್ದರು. ಇದು ಮೋಸವೋ, ಅಲ್ಲವೋ? ತ್ರಿಶಲಾಳಿಗೆ ಬೆಟ್ಟದ ಮೇಲಿನ ಮಂಜು ಮನೆಯೊಳಗೂ ಬಂದಂತೆ ಅನಿಸಿತು.

"ಎಷ್ಟು ದಿವಸ ಕಾಯ್ತದೆ?" ಎಂದು ಕೇಳಿದಳು.

"ನಿಮ್ಮ ಅನ್ನ ತಿನ್ನುವವರೆಗೆ. ತಿಂದ ಮೇಲೆ ಅದು ನಿಮ್ಮದು."

"ನನ್ನ ಚಪ್ಪಲಿಯನ್ನಾದ್ರೂ ಹಾಕಿಕೊಂಡು..." ಎಂದು ಶಶಿರಾಜ್ ಅರ್ಧಕ್ಕೆ ನಿಲ್ಲಿಸಿದ. ಮನೆಯ ಎಲ್ಲರ ಚಪ್ಪಲಿಗಳೂ ಮುಂದಿನ ಮೆಟ್ಟಿಲಿನಲ್ಲೇ, ನಾಯಿಯ ಪಕ್ಕದಲ್ಲೇ ಇದ್ದವು.

ಅಬೂಬಕ್ಕರ್ ಅಡುಗೆಮನೆಯಿಂದ ಹಿತ್ತಿಲಿಗೆ ಇಳಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಮ್ಮೆ ನಿಂತು ಲುಂಗಿ ಮೇಲೆ ಕಟ್ಟಿದರು. ಬದಿಯ ಬೇಲಿಯಾಚೆ, ಅಗಲವಾಗುತ್ತಿರುವ ರಸ್ತೆಗೆಂದು ಹೊಸದಾಗಿ ಸುರಿದ ಜಲ್ಲಿಯ ಮೇಲೆ, ಒಂದೊಂದು ಕಾಲನ್ನೂ ಜಾಗ ನೋಡಿ ಊರುತ್ತ, ಆ ಚಳಿಯಲ್ಲಿ ಬರಿಗಾಲಲ್ಲಿ ನಡೆದರು. ತಿರುಗಿ ನೋಡಲಿಲ್ಲ. ಬಸ್ಸು ನಿಂತು ಹೊರಟ ಸದ್ದು ಕೇಳುವವರೆಗೆ ತ್ರಿಶಲಾ ಬಾಗಿಲು ಹಿಡಿದು ನಿಂತಿದ್ದಳು.

ಆಮೇಲೆ ತಟ್ಟೆಯಲ್ಲಿ ಅನ್ನ ಹಾಕಿ, ಮೊಸರು ಕಲಸಿ, ಮುಂದಿನ ಬಾಗಿಲಿಗೆ ತಂದು ನಾಯಿಯ ಮೂಗಿನ ಹತ್ತಿರ ಇಟ್ಟಳು. ನಾಯಿ ಅನ್ನವನ್ನು ನೋಡಲಿಲ್ಲ. ತಲೆಯೆತ್ತಿ, ಅವಳ ಹಿಂದಿನ ತೆರೆದ ಬಾಗಿಲನ್ನು ನೋಡಿ ಮೆಲ್ಲಗೆ ಬಾಲ ಆಡಿಸಿತು.

ತ್ರಿಶಲಾ ಬಾಗಿಲಿಗೆ ಅಡ್ಡವಾಗದಂತೆ ಸ್ವಲ್ಪ ಸರಿದು, ಮೆಟ್ಟಿಲಿನಲ್ಲಿ ಕೂತಳು.