ಬುಂಗಳ ಪಾಲು

ನಮ್ಮ ಉದ್ದಮನೆಯಲ್ಲಿ ಹದಿನೆಂಟು ಸಂಸಾರ, ಎಲ್ಲರಿಗೂ ಒಂದೇ ಜಗಲಿ. ಅದರ ತುದಿಯಲ್ಲಿ ಕೂತು ಉಂಗ್ಗಾಟ್ ಕಾಡನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಅವನ ನಾಯಿ ಬುಂಗ, ಅವಳ ಕಣ್ಣೂ ಅತ್ತಲೇ. ಉಳಿದ ಗಂಡಸರೆಲ್ಲ ಹಂದಿಬೇಟೆಗೆ ಹೋಗಿದ್ದರು.

ಬುಂಗಳ ಎಡ ಹಿಂಗಾಲು ಆ ವರ್ಷ ಕುಂಟುತ್ತಿದ್ದುದು ನಾಲ್ಕನೆಯ ಸಲ. ಪ್ರತಿಸಲವೂ ಉಂಗ್ಗಾಟ್ ಶುಂಠಿ ಅರೆದು, ಅಕ್ಕಿಯ ಸಾರಾಯಿಯಲ್ಲಿ ಕಲಸಿ ತಿಕ್ಕುತ್ತಿದ್ದ. ನಾಲ್ಕು ದಿನಕ್ಕೆ ಅವಳು ಕಾಲೂರುತ್ತಿದ್ದಳು. ಐದನೆಯ ದಿನ ಕಾಡು, ಆರನೆಯ ದಿನ ಮತ್ತೆ ಕುಂಟು.

ಬೇಟೆಗೆ ಹೋಗದಿದ್ದರೂ ಬೇಟೆನಾಯಿಯ ಪಾಲು ತಪ್ಪಿಸಬಾರದು ಎನ್ನುವುದು ನಮ್ಮ ಪದ್ಧತಿ. ಪಾಪ ಎಂದು ಒಂದೊಂದು ಬಾಗಿಲಿನಿಂದಲೂ ಹಂದಿಕೊಬ್ಬು ಬರುತ್ತಿತ್ತು. ಸುಳ್ಳೇಕೆ, ನಾನೂ ಕೊಟ್ಟಿದ್ದೇನೆ. ಬುಂಗ ದುಂಡಗಾಗಿದ್ದಳು.

ಉಂಗ್ಗಾಟನ ನಾದಿನಿ ಸೆಂಡಿ ಪಶು ಆಸ್ಪತ್ರೆಯ ಸಹಾಯಕಿ. ನಾಯಿಗಳಿಗೆ ಲಸಿಕೆ ಹಾಕಲು ಬಂದವಳ ಎದುರಿಗೇ ಬುಂಗ ಆಳೆತ್ತರದ ಜಗಲಿಯಿಂದ ನೆಲಕ್ಕೆ ಜಿಗಿದಳು.

"ದಿನಕ್ಕೆ ಎಷ್ಟು ಸಲ ಹಿಂಗೆ ಹಾರ್ತಾಳೆ ಭಾವ?"

"ಇನ್ನೇನು, ಏಣಿ ಹಿಡ್ಕೊಂಡು ಇಳೀತಾಳಾ?"

ಅವ್ವನ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಕೊಡೋಣ ಎಂದುಕೊಂಡಿದ್ದೇನೆ ಎಂದ ಉಂಗ್ಗಾಟ್. ಸೆಂಡಿ ಅವನ ಕೈಯಲ್ಲಿದ್ದ ಮಾತ್ರೆಯನ್ನು ಕಿತ್ತುಕೊಂಡಳು. ಮನುಷ್ಯರ ನೋವಿನ ಮಾತ್ರೆ ನಾಯಿಯ ಜೀವವನ್ನೇ ತೆಗೆಯಬಹುದು ಎಂದು ಬೈದಳು.

"ನೋವು ಇಳೀತು ಅಂದ್ರೆ ವಾಸಿಯಾಯ್ತು ಅಂತಲ್ಲ. ನೋವಿಲ್ಲ ಅಂತ ಅವಳು ಓಡ್ತಾಳೆ, ಓಡಿದ್ಲು ಅಂತ ನೀನು ಕರ್ಕೊಂಡು ಹೋಗ್ತೀಯ. ಹಿಂಗೇ ಆದ್ರೆ ಒಂದಿನ ಆ ಕಾಲು ನೆಲ ಮುಟ್ಟೋದೇ ಇಲ್ಲ."

"ಕಾಡಿಗೆ ಹೋಗ್ದೆ ಬದುಕ್ತಾಳಾ?"

"ಯಾರು, ಅವಳಾ, ನೀನಾ?"

ಉಂಗ್ಗಾಟ್ ಮರುದಿನ ದೋಣಿಯಲ್ಲಿ ಬುಂಗಳನ್ನು ಆಸ್ಪತ್ರೆಗೆ ಕರೆದೊಯ್ದ. ಅವಳು ಕುಂಟುವುದನ್ನು ಸೆಂಡಿ ಫೋನಿನಲ್ಲಿ ಹಿಡಿದಿಟ್ಟಿದ್ದಳು, ಅದೂ ಕೆಲಸಕ್ಕೆ ಬಂತು. ಮಂಡಿಯ ಒಳಗೆ ಮೂಳೆಗಳನ್ನು ಹಿಡಿದಿಡುವ ನಾರು ಜಗ್ಗಿದೆ, ಹರಿದಿಲ್ಲ ಎಂದರು ವೈದ್ಯೆ. ಓಟ, ಜಿಗಿತ ಬಂದ್. ಹಗ್ಗ ಕಟ್ಟಿ ಸಮನೆಲದಲ್ಲಿ ಒಂದು ಸಲಕ್ಕೆ ಹತ್ತು ನಿಮಿಷ ನಡೆಸಬೇಕು, ವಾರವಾರ ಸ್ವಲ್ಪ ಹೆಚ್ಚಿಸಬೇಕು. ಕುಂಟಿದರೆ ನಿಲ್ಲಿಸಿ ತೋರಿಸಬೇಕು. ಕೊಬ್ಬು ಬೇಡ, ಮೈ ಇಳಿಯಬೇಕು.

ಉಂಗ್ಗಾಟ್ ಹದಿನೇಳು ಬಾಗಿಲಿಗೂ ಹೋಗಿ, ಅವಳ ಪಾಲು ಈಗ ಬೇಡ, ವಾಸಿಯಾದ ಮೇಲೆ ಓಡಿ ಸಂಪಾದಿಸಿ ತಿಂತಾಳೆ ಎಂದು ಹೇಳಿ ಬಂದ. ಜಗಲಿಯಿಂದ ಅವಳನ್ನು ಎತ್ತಿಕೊಂಡೇ ಇಳಿಸುತ್ತಿದ್ದ. ಹಗ್ಗ ಹಿಡಿದು ಹೊಳೆಯ ದಂಡೆಯಲ್ಲಿ ನಡೆಯುವಾಗ, ಯಾರು ಯಾರನ್ನು ಮೇಯಿಸುತ್ತಿದ್ದಾರೆ ಎಂದು ನಾವು ಹೆಂಗಸರು ನಗುತ್ತಿದ್ದೆವು. ಕಾಡಿನಿಂದ ಬೇರೆ ನಾಯಿಗಳು ಬೊಗಳುವುದು ಕೇಳಿದರೆ ಇಬ್ಬರೂ ನಿಂತುಬಿಡುತ್ತಿದ್ದರು. ಆಗ ನಮಗೆ ನಗು ಬರುತ್ತಿರಲಿಲ್ಲ.

ನಾಲ್ಕನೆಯ ತಿಂಗಳು ವೈದ್ಯೆ ಅರ್ಧ ದಿನದ ಬೇಟೆಗೆ ಒಪ್ಪಿದರು. ಆ ಬೆಳಿಗ್ಗೆ ಭತ್ತ ಕುಟ್ಟುತ್ತಿದ್ದಾಗ ಗುಡ್ಡದ ಮೇಲಿಂದ ಬುಂಗಳ ದನಿ ಕೇಳಿಸಿತು. ನನ್ನ ಒನಕೆ ನಿಂತಿತು.

ಮರುದಿನ ಅವಳು ಕುಂಟಲಿಲ್ಲ. ಆದರೂ ಉಂಗ್ಗಾಟ್ ಬೇಟೆಗೆ ಕರೆದೊಯ್ಯಲಿಲ್ಲ. ಇಬ್ಬರೂ ಜಗಲಿಯ ತುದಿಯಲ್ಲಿ ಕೂತು ಕಾಡು ನೋಡಿದರು.

ಇದನ್ನು ಕೇಳುತ್ತಿರುವವರೇ, ನಿಮ್ಮ ನಾಯಿ ಅದೇ ಕಾಲನ್ನು ಎರಡನೆಯ ಸಲ ಎತ್ತಿದರೆ ಪಶುವೈದ್ಯರಿಗೆ ತೋರಿಸಿ. ನಿಮ್ಮ ಮಾತ್ರೆ ಕೊಡಬೇಡಿ, ಮೈ ಬೆಳೆಯಲು ಬಿಡಬೇಡಿ, ನಡಿಗೆಯನ್ನು ನಿಧಾನವಾಗಿ ಹೆಚ್ಚಿಸಿ. ಓಡುವ ಆಸೆ ನಾಯಿಗೆ ಇದ್ದೇ ಇರುತ್ತದೆ. ಇವತ್ತು ಬೇಡ ಎನ್ನುವ ಕೆಲಸ ನಿಮ್ಮದು.